ರಕ್ತ ಹೆಚ್ಚಾದ ನಾಯಿ

ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಹೊನ್ನಾಳಿ ಕಡೆಯ ಗದ್ದೆಗಳಿಗೆ ಒಂದು ಬಗೆಯ ಮಂಪರು ಹತ್ತುತ್ತದೆ. ಕಾಲುವೆಯಲ್ಲಿ ನೀರಿರುವುದಿಲ್ಲ, ಯಂತ್ರಗಳ ಸದ್ದಿರುವುದಿಲ್ಲ, ಕೂಳೆ ಮಾತ್ರ ಬಿಸಿಲಿಗೆ ಮೈಯೊಡ್ಡಿ ಹಳದಿಯಾಗಿ ನಿಂತಿರುತ್ತದೆ. ಬೆಳಗಿನ ಮಂಜು ಕರಗುವ ಹೊತ್ತಿಗೆ ದೂರದಲ್ಲಿ ಒಂದಿಷ್ಟು ಧೂಳು ಕಾಣುತ್ತದೆ. ಧೂಳಿನೊಳಗಿಂದ ಸದ್ದು, ಸದ್ದಿನೊಳಗಿಂದ ಕುರಿಗಳು. ಎಷ್ಟು ವರ್ಷ ನೋಡಿದರೂ ಅವು ನಡೆದು ಬರುತ್ತಿವೆ ಎಂದು ನನಗೆ ಅನ್ನಿಸಿಲ್ಲ, ನೆಲವೇ ನಿಧಾನಕ್ಕೆ ಸರಿದು ಅವನ್ನು ನಮ್ಮತ್ತ ತರುತ್ತಿದೆ ಅನ್ನಿಸುತ್ತದೆ.

ಹೀಗೆ ಕನಸು ಕಾಣುತ್ತ ನಿಂತರೆ ನನ್ನ ಹೊಟ್ಟೆ ತುಂಬುವುದಿಲ್ಲ ಅನ್ನುವುದೂ ನಿಜ. ಜಗಳೂರು ಕಡೆಯದು ಮಳೆ ನಂಬಿದ ಹೊಲ. ಚಳಿಗಾಲಕ್ಕೆ ಅಲ್ಲಿ ಕುರಿಗೆ ಮೇವು ಸಾಲದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಗದ್ದೆಗಳಲ್ಲಿ ಮೇವುಂಟು, ಮಣ್ಣಿಗೆ ಗೊಬ್ಬರ ಬೇಕು. ಮಂದೆ ಬಂದು ಗದ್ದೆಯಲ್ಲಿ ತಂಗಿದರೆ ಕುರಿಗೆ ಕೂಳೆ, ಮಣ್ಣಿಗೆ ಹಿಕ್ಕೆ. ಯಾವ ಮಂದೆ ಯಾರ ಗದ್ದೆಯಲ್ಲಿ ಎಷ್ಟು ದಿನ ನಿಲ್ಲಬೇಕು ಎಂದು ಇಬ್ಬರ ನಡುವೆ ಕುದುರಿಸುವವಳು ನಾನು. ಈ ಕೆಲಸವನ್ನು ನನಗಿಂತ ಮುಂಚೆ ಹೆಂಗಸರು ಮಾಡಿದ್ದನ್ನು ನಾನೂ ನೋಡಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರಿದೆ, ಸಂತೆಯಲ್ಲಿ ಕೋಳಿ ಮಾರಿದೆ, ಮಾತು ಬಲಿತ ಮೇಲೆ ಇದಕ್ಕೆ ಇಳಿದೆ. ಯಾರೂ ಕೈ ಹಿಡಿದು ಕಲಿಸಲಿಲ್ಲ.

ಕಲಿತ ವಿದ್ಯೆಗಳಲ್ಲಿ ಒಂದು, ಪ್ರಾಣಿಯ ಕೆಂಪು ನೋಡುವುದು. ಕುರಿ ಕೊಳ್ಳುವವರು ಮೈ ಸವರಿ, ತೂಕ ಅಂದಾಜು ಮಾಡಿ, ಹಲ್ಲು ಎಣಿಸಿ ಮೋಸ ಹೋಗುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ. ಒಳಗೆ ಬಿಳುಚಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳ ಕೂತು ರಕ್ತ ಹೀರುತ್ತಿದೆ ಎಂದರ್ಥ, ಕೈಬಿಡಿ. ಕೆಂಪಗಿದ್ದರೆ ಮಾತಿಗೆ ಕೂರಿ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಕೇಳಿದವರಿಗೆ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಕೆಂಪು ಕಮ್ಮಿಯಾಗುವುದು ಗೊತ್ತಿತ್ತು ನನಗೆ. ಕೆಂಪು ಹೆಚ್ಚಾಗುವುದೂ ಒಂದು ಬೇನೆ ಎಂದು ಗೊತ್ತಿರಲಿಲ್ಲ.

ಜಗಳೂರಿನ ಸೊಕ್ಕೆ ಕಡೆಯ ಒಬ್ಬ ಕುರಿಗಾರ ಪ್ರತಿ ವರ್ಷ ನನ್ನ ಮಾತಿನ ಮೇಲೆಯೇ ಮಂದೆ ತರುತ್ತಾನೆ. ನನಗಿಂತ ಹದಿನೈದು ವರ್ಷ ದೊಡ್ಡವನು. ನಾನು ಅಣ್ಣ ಅನ್ನುತ್ತೇನೆ, ಅವನು ತಂಗಿ ಅನ್ನುತ್ತಾನೆ, ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ನಂಬುವುದಿಲ್ಲ. ಅವನ ಜೊತೆಗೆ ಕೆಂದು ಬಣ್ಣದ ಒಂದು ನಾಯಿ, ಕೊರಳಿಗೆ ಗೆಜ್ಜೆ. ಅವನಿಗೆ ಹೊತ್ತು ಇಳಿದರೆ ಕಣ್ಣು ಮಸುಕು. ಯಾವ ಕುರಿ ಎತ್ತ ಹೋಯಿತು, ಎಲ್ಲಿ ಉಳಿಯಿತು ಎಂದು ಅವನಿಗೆ ತಿಳಿಯುವುದು ಆ ನಾಯಿಯ ಓಡಾಟದಿಂದ. ನಾಯಿ ಇರುವ ತನಕ ಮಂದೆ, ಅದು ಸತ್ತ ವರ್ಷ ಕುರಿ ಮಾರಿ ಮನೆಯಲ್ಲಿ ಕೂರುತ್ತೇನೆ ಎಂದು ಅವನೇ ಒಮ್ಮೆ ಅಂದಿದ್ದ. ತಮಾಷೆಗೆ ಅಂದದ್ದಲ್ಲ.

ಕಳೆದ ಸಲ ಮಂದೆ ಮೊದಲು ಇಳಿದದ್ದು ಚನ್ನಗಿರಿ ಹತ್ತಿರದ ಗದ್ದೆಗೆ. ನಾನು ಸ್ಕೂಟಿ ನಿಲ್ಲಿಸಿ ಬದುವಿನ ಮೇಲೆ ನಡೆದು ಹೋದರೆ ನಾಯಿ ಜಾಲಿಮರದ ನೆರಳಲ್ಲಿ ಮಲಗಿತ್ತು. ಮುಂಚೆ ನನ್ನ ಸ್ಕೂಟಿಯ ಸದ್ದಿಗೇ ಓಡಿಬರುತ್ತಿದ್ದದ್ದು ಈಗ ಒಂದು ಕಣ್ಣು ತೆರೆದು, ನನ್ನ ಆಚೆಗೆ ಎಲ್ಲೋ ನೋಡಿ, ಮತ್ತೆ ಮುಚ್ಚಿತು.

"ಏನಣ್ಣಾ, ನಿನ್ನ ನಾಯಿ ಈ ಸಲ ಸಾಹುಕಾರ ಆಗೈತಲ್ಲ? ನಾ ಬಂದ್ರೂ ಏಳಂಗಿಲ್ಲ."

"ನೀ ಬಂದೆ ಅಂತ ಯಾರ್ ಏಳ್ತಾರೆ ತಂಗಿ? ನೀ ಬಂದ್ರೆ ನಾ ಮೊದಲು ನನ್ನ ಜೇಬು ಮುಟ್ಟಿ ನೋಡ್ಕಂತೀನಿ."

"ಮುಟ್ಟಿ ನೋಡಾಕೆ ಏನಾದ್ರೂ ಇರಬೇಕಲ್ಲ ಅದ್ರಾಗೆ."

ಅವನು ನಕ್ಕ. ಆಮೇಲೆ ದನಿ ಇಳಿಸಿ, ಬಿಳಿಚೋಡು ದಾಟಿದಾಗಿನಿಂದ ಹಿಂಗೇ ಮಲಗುತ್ತೆ, ಕೊಡಗಟ್ಟಲೆ ನೀರು ಕುಡಿಯುತ್ತೆ ಅಂದ. ನಾನು ನಾಯಿಯ ತುಟಿ ಎತ್ತಿ ನೋಡಿದೆ. ಒಸಡು ದಾಸವಾಳದ ಹಾಗಿತ್ತು. ಕಣ್ಣಿನ ಬಿಳಿಯಲ್ಲೂ ಕೆಂಪು ನೂಲುಗಳು.

"ಇಷ್ಟು ಕೆಂಪು ನಾ ಯಾವ ಪ್ರಾಣಿಗೂ ನೋಡಿಲ್ಲ ಅಣ್ಣಾ! ಇನ್ನೊಂದು ನಾಯಿಗೆ ದಾನ ಮಾಡೋವಷ್ಟು ರಕ್ತ ಐತೆ. ಏನೂ ಆಗಿಲ್ಲ, ಸೋಮಾರಿ ಆಗೈತೆ."

ಅವನ ಮುಖ ಗೆಲುವಾಯಿತು. ನನ್ನ ಮಾತಿಗೆ ಅಷ್ಟು ಬೆಲೆಯಿತ್ತು ಆವಾಗ.

ಮಂದೆ ಹೊನ್ನಾಳಿ ಹತ್ತಿರಕ್ಕೆ ಬಂದ ವಾರದಲ್ಲಿ ನಾಯಿಯ ಮೂಗಿಗೆ ಒಂದು ಮುಳ್ಳು ತಾಗಿತು. ಸಣ್ಣ ಗೀರು. ಆದರೆ ರಕ್ತ ನಿಲ್ಲಲಿಲ್ಲ. ಒರೆಸಿದರೆ ಮತ್ತೊಂದು ಹನಿ. ಬೆಳಿಗ್ಗೆ ನಿಂತಂತೆ ಮಾಡಿ ಮಧ್ಯಾಹ್ನ ಗೀರಿಲ್ಲದ ಹೊಳ್ಳೆಯಿಂದಲೂ ಜಿನುಗಿತು. ಮಗುಚಿ ಮಲಗಿದಾಗ ಹೊಟ್ಟೆಯ ತೆಳು ಚರ್ಮದ ಮೇಲೆ ರಾಗಿಕಾಳಿನ ಗಾತ್ರದ ಕೆಂಪು ಚುಕ್ಕಿಗಳು ಕಂಡವು.

ಆ ಚುಕ್ಕಿಗಳ ಪರಿಚಯ ನನಗಿತ್ತು. ಎರಡು ವರ್ಷದ ಹಿಂದೆ ನನಗೆ ಡೆಂಗ್ಯೂ ಬಂದಾಗ ಮೊಣಕೈಯಲ್ಲಿ ಹೀಗೇ ಎದ್ದಿದ್ದವು. ಆಗ ಊರಿನವರೆಲ್ಲ ಬಂದು ಕೇಳುತ್ತಿದ್ದುದು ಒಂದೇ, ಪ್ಲೇಟ್‌ಲೆಟ್ ಎಷ್ಟು ಐತೆ ಎಂದು. ಗಾಯ ಕಟ್ಟುವ, ರಕ್ತ ಹೆಪ್ಪುಗಟ್ಟಿಸುವ ಕಣ ಅದು, ಕಮ್ಮಿಯಾದರೆ ಸಿಕ್ಕ ಸಿಕ್ಕಲ್ಲಿ ರಕ್ತ ಸೋರುತ್ತದೆ ಎನ್ನುವಷ್ಟು ಈಗ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ನಾನು ಗದ್ದೆಯ ಬದುವಿನ ಮೇಲೆಯೇ ತೀರ್ಪು ಕೊಟ್ಟೆ.

"ಪ್ಲೇಟ್‌ಲೆಟ್ ಇಳಿದೈತೆ ಅಣ್ಣಾ. ರಕ್ತ ಹೋಗ್ತೈತೆ, ರಕ್ತ ತುಂಬಬೇಕು. ನಾ ಹೇಳಿದಂಗೆ ಮಾಡು."

ಪಪ್ಪಾಯಿ ಎಲೆ ಕುಟ್ಟಿ ರಸ ಹಿಂಡಿಸಿದೆ. ಸಂತೆಯಿಂದ ಕುರಿಯ ಈಲಿ, ಅದೇ ಲಿವರ್, ತಂದು ಬೇಯಿಸಿ ಹಾಕಿದೆ. ನನಗೆ ಡಾಕ್ಟರು ಬರೆದುಕೊಟ್ಟು ಉಳಿದಿದ್ದ ಕಬ್ಬಿಣದ ಟಾನಿಕ್ಕಿನ ಬಾಟಲಿಯನ್ನೂ ತಂದು, ಮೂರು ಹೊತ್ತು ಬಾಯಿಗೆ ಹುಯ್ಯಿ ಎಂದು ಕೊಟ್ಟೆ. ದುಡ್ಡು ಕೊಟ್ಟು ಡಾಕ್ಟರ ಹತ್ತಿರ ಹೋಗುವುದನ್ನು ಉಳಿಸಿದೆ ಎಂಬ ಹೆಮ್ಮೆಯೂ ಇತ್ತು.

ಐದು ದಿನ. ಆ ಐದು ದಿನಗಳನ್ನು ನೆನೆದರೆ ಎಲ್ಲವೂ ಜೇನಿನೊಳಗೆ ನಡೆದ ಹಾಗೆ ನಿಧಾನವಾಗಿ ಕಾಣುತ್ತದೆ. ನಾಯಿ ಎದ್ದು ನಾಲ್ಕು ಹೆಜ್ಜೆ ಇಟ್ಟು ಯಾಕೆ ಎದ್ದೆ ಎಂಬುದನ್ನು ಮರೆತಂತೆ ನಿಲ್ಲುತ್ತಿತ್ತು. ಕುರಿಗಳು ಅದರ ಎರಡೂ ಬದಿಯಿಂದ ಹರಿದು ಹೋಗುತ್ತಿದ್ದವು. ಬೆಳ್ಳಕ್ಕಿಗಳು ಅದರ ಪಕ್ಕದಲ್ಲೇ ಇಳಿದು ಹುಳ ಹೆಕ್ಕುತ್ತಿದ್ದವು, ಅದು ತಲೆಯೆತ್ತುತ್ತಿರಲಿಲ್ಲ. ಆರನೆಯ ದಿನ ಬೆಳಿಗ್ಗೆ ಹಿಂಗಾಲು ಸೊಟ್ಟಗೆ ಹೋಗಿ ಬಿದ್ದು, ಕಾಲು ಬಡಿದುಕೊಂಡು, ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ಸತ್ತಿತು ಎಂದುಕೊಂಡು ಅಣ್ಣ ತನ್ನ ಕಂಬಳಿ ತೆಗೆದು ಹೊದಿಸಿಬಿಟ್ಟ. ಕಂಬಳಿ ಮೆಲ್ಲಗೆ ಏರಿ ಇಳಿಯುವುದನ್ನು ನಾನು ನೋಡಿದೆ.

ಲಗೇಜ್ ಆಟೋ ಹಿಡಿದು ಹೊನ್ನಾಳಿಗೆ ಒಯ್ದೆವು. ಪ್ರಾಣಿಗಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಸ್ವಂತ ಕ್ಲಿನಿಕ್ಕು. ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಮೂಲೆಯಲ್ಲಿ ಗುಂಯ್ಯೆಂದು ತಿರುಗುವ ಒಂದು ಸಣ್ಣ ಯಂತ್ರ. ಅವರು ಒಸಡು ನೋಡಿದರು, ಹೊಟ್ಟೆಯ ಚುಕ್ಕಿ ನೋಡಿದರು. ಮುಂಗಾಲಿನಿಂದ ಸಿರಿಂಜಿಗೆ ರಕ್ತ ಎಳೆದರು. ಅದು ಬರಲೊಲ್ಲದೆ ಬಂತು, ಬೆಲ್ಲದ ಪಾಕದಂತೆ ಕಪ್ಪಗೆ. ಅದನ್ನು ಕೂದಲೆಳೆಯಂಥ ಗಾಜಿನ ಕೊಳವೆಗೆ ತುಂಬಿ ಯಂತ್ರದಲ್ಲಿಟ್ಟು ತಿರುಗಿಸಿದರು.

ಅಣ್ಣ ನಾಯಿಗೆ ನೀರು ತರಲು ಹೊರಗೆ ಹೋಗಿದ್ದ. ಡಾಕ್ಟರು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡ್ರಿ ಅಕ್ಕಾರೆ. ಕೆಳಗೆ ಕೂತಿದ್ದು ಕೆಂಪು ಕಣ. ಮೇಲಿನ ತಿಳಿ ರಕ್ತದ ನೀರು. ನಾಯಿಗೆ ಕೆಂಪು ಅರ್ಧದ ಆಸುಪಾಸಿಗೆ ನಿಲ್ಲಬೇಕು. ಇದಕ್ಕೆ ಮುಕ್ಕಾಲು ದಾಟೈತೆ."

"ರಕ್ತ ಹೆಚ್ಚಿದ್ರೆ ಒಳ್ಳೇದಲ್ಲೇನ್ರೀ?"

"ಹೆಚ್ಚಾಗಿ ಹೆಚ್ಚಾಗಿ ಹರಿಯೋದೇ ಬಿಟ್ಟೈತೆ. ಮಿದುಳಿಗೆ ಸರಿಯಾಗಿ ಹೋಗ್ತಿಲ್ಲ, ಅದಕ್ಕೇ ಬೀಳ್ತೈತೆ. ಕಬ್ಬಿಣದ ಟಾನಿಕ್ಕು ಗೀನಿಕ್ಕು ಏನಾದ್ರೂ ಕೊಟ್ಟಿದ್ರೇನು?"

"ಇಲ್ಲಪ್ಪ," ಅಂದೆ.

ಬಾಯಿ ತನ್ನಷ್ಟಕ್ಕೆ ಹೇಳಿತು. ವ್ಯವಹಾರದಲ್ಲಿ ಎದುರಿನವರಿಗೆ ಮೊದಲು ನಮ್ಮ ಎಡವಟ್ಟು ಕಾಣಿಸಬಾರದು ಎಂದು ಇಪ್ಪತ್ತು ವರ್ಷ ಪಳಗಿದ ಬಾಯಿ ಅದು.

ಅಣ್ಣ ನೀರು ತಂದ. ಡಾಕ್ಟರು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ, ಬಣ್ಣ ಹಾಕಿ, ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಸುಮಾರು ಹೊತ್ತು ಎಣಿಸಿದರು. ಪ್ಲೇಟ್‌ಲೆಟ್ ಇಳಿದಿರುವುದು ನಿಜ ಅಂದರು. ನಾನು ಗೆದ್ದವಳಂತೆ ಅಣ್ಣನ ಕಡೆ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಡಾಕ್ಟರು ನನಗೂ ನೋಡಲು ಹೇಳಿದರು.

ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಗಾಜಿಗೆ ಒತ್ತಿದೆ. ಮೊದಲು ಬರೀ ಬೆಳಕು. ಆಮೇಲೆ ಎಲ್ಲಿ ನೋಡಿದರೂ ಗುಲಾಬಿ ಬಣ್ಣದ ದುಂಡನೆಯ ಬಿಲ್ಲೆಗಳು, ಒಂದಕ್ಕೊಂದು ಒತ್ತಿಕೊಂಡು, ಉಸಿರಾಡಲು ಜಾಗವಿಲ್ಲದಂತೆ. ಅವುಗಳ ಸಂದಿಯಲ್ಲಿ ಎಲ್ಲೋ ಒಂದು ನೇರಳೆ ಚೂರು. ಇನ್ನೊಂದು ಹುಡುಕಬೇಕಾದರೆ ಬಹಳ ದೂರ ಹೋಗಬೇಕಿತ್ತು. ಎಷ್ಟು ಹೊತ್ತು ನೋಡಿದೆನೋ. ರಸ್ತೆಯ ಹಾರ್ನ್ ಸದ್ದು, ಅಣ್ಣನ ಕೆಮ್ಮು ಎಲ್ಲ ಬೇರೆ ಊರಿನದಾಗಿತ್ತು. ಆ ಒಂಟಿ ನೇರಳೆ ಚೂರೇ ಪ್ಲೇಟ್‌ಲೆಟ್ ಎಂದು ಡಾಕ್ಟರು ಹೇಳಿದರು.

"ಇಷ್ಟೊಂದು ಕೆಂಪು ಇರೋವಾಗ ಇದ್ಯಾಕ್ರೀ ಕಮ್ಮಿ? ಒಂದು ಹೆಚ್ಚಾದ್ರೆ ಇನ್ನೊಂದೂ ಹೆಚ್ಚಾಗಬೇಕಲ್ಲ?" ಎಂದು ಕೇಳಿದೆ.

"ಅದಕ್ಕೆ ಎರಡು ವಾದ ಐತೆ," ಅಂದರು ಡಾಕ್ಟರು. "ಮೂಳೆಯೊಳಗೆ ಮಜ್ಜೆ ಐತಲ್ಲ, ಈ ಎರಡೂ ಅಲ್ಲೇ, ಒಂದೇ ತಾಯಿಕಣದಿಂದ ಹುಟ್ತಾವೆ. ಆ ತಾಯಿಕಣ ಕೆಂಪು ಹೆರೋ ಕಡೇನೇ ವಾಲಿದ್ರೆ ಪ್ಲೇಟ್‌ಲೆಟ್ ಕಮ್ಮಿ ಹುಟ್ತಾವೆ ಅಂತಾರೆ. ಇನ್ನು ಕೆಲವರು, ಹುಟ್ಟೋದು ಕಮ್ಮಿ ಆಗಲ್ಲ, ಕೆಂಪು ಹೆಚ್ಚಿದಂಗೆ ಮೈಯಾಗಿನ ಒಟ್ಟು ರಕ್ತ ಹಿಗ್ಗುತ್ತೆ, ಗುಲ್ಮ ಅಂತ ಒಂದು ಅಂಗ ಐತೆ, ಅದೂ ಊದುತ್ತೆ, ಇದ್ದಷ್ಟು ಪ್ಲೇಟ್‌ಲೆಟ್ಟೇ ಹರಡಿ ಹೋಗ್ತಾವೆ ಅಂತಾರೆ. ಇಲಿಗಳಿಗೆ ಹೊರಗಿಂದ ಕೆಂಪು ಕಣ ಕೂಡಿಸಿದಾಗ ಪ್ಲೇಟ್‌ಲೆಟ್ ಇಳಿದಿದ್ದು ಉಂಟು. ಆದ್ರೆ ಎಲ್ಲಾ ನಾಯಿಗೂ ಹಿಂಗೇ ಆಗಬೇಕು ಅಂತಿಲ್ಲ. ಕೆಲವಕ್ಕೆ ಕೆಂಪು ಎಷ್ಟಿದ್ರೂ ಇದು ಸರಿಯಾಗೇ ಇರ್ತದೆ."

ಅಣ್ಣನಿಗೆ ಅರ್ಥವಾಗಲಿಲ್ಲ. ಅವನ ಭಾಷೆ ನನಗೆ ಗೊತ್ತು.

"ಅಣ್ಣಾ, ನಿನ್ನ ಮಂದೆ ಒಂದು ಎಕರೆಗೆ ಮೂರು ದಿನ ನಿಂತ್ರೆ ಹಿಕ್ಕೆ ಹೆಂಗೆ ಕಾಣ್ತೈತೆ?"

"ನೆಲ ಕಪ್ಪಾಗ್ತೈತೆ."

"ಅದೇ ಹಿಕ್ಕೆನ ಹತ್ತು ಎಕರೆಗೆ ಎರಚಿದ್ರೆ?"

"ಎಲ್ಲೈತೆ ಅಂತ ಹುಡುಕಬೇಕು."

"ಪ್ಲೇಟ್‌ಲೆಟ್ ಹಂಗಾಗಿರಬೇಕು, ಅಂತಾರೆ ಡಾಕ್ಟ್ರು."

ಡಾಕ್ಟರು ನಕ್ಕು ತಲೆಯಾಡಿಸಿದರು. ಆಮೇಲೆ ಚಿಕಿತ್ಸೆ ಹೇಳಿದರು. ರಕ್ತ ತೆಗೆಯಬೇಕು. ಈ ದೊಡ್ಡ ಸಿರಿಂಜಿನಲ್ಲಿ ಆರು, ಇವತ್ತು ಮೂರು, ನಾಲ್ಕು ದಿನ ಬಿಟ್ಟು ಮೂರು. ತೆಗೆದಷ್ಟು ಜಾಗಕ್ಕೆ ಸಲೈನ್ ಬಿಟ್ಟು ತಿಳಿ ಮಾಡಬೇಕು.

ಅಣ್ಣ ಎದ್ದು ನಿಂತ.

"ಮೂಗಿನಾಗೆ ಸುರೀತಿರೋದು ಸಾಲ್ದಾ ಸ್ವಾಮಿ? ಸೋರೋ ಕೊಡಕ್ಕೆ ಇನ್ನೊಂದು ತೂತು ಹೊಡೀತೀರಾ?"

"ಹಾಗೇ ಬಿಟ್ರೆ ಇನ್ನೊಂದು ಸಲ ಬಿದ್ದು ಒದ್ದಾಡಿದಾಗ ಏಳಲ್ಲ ಯಜಮಾನ್ರೆ. ರಕ್ತ ಮಂದ ಆಗಿ ಸಣ್ಣ ನರ ಎಲ್ಲ ಉಬ್ಬಿ ನಿಂತಾವೆ. ಕಟ್ಟೋ ಕಣನೂ ಕಮ್ಮಿ ಐತೆ. ಅದಕ್ಕೇ ಸೋರ್ತಿರೋದು."

ಅಣ್ಣ ನಾಯಿಯನ್ನು ಎತ್ತಿಕೊಳ್ಳಲು ಬಗ್ಗಿದ. ನಾನು ಅವನ ತೋಳು ಹಿಡಿದು ಹೊರಗಿನ ಜಗುಲಿಗೆ ಕರೆತಂದೆ.

ಗದ್ದೆಯ ಮಾತು ಮುಗಿಸುವಾಗ ನಾವು ಬಾಯಲ್ಲಿ ಹೇಳುವುದಿಲ್ಲ. ಕಂಬಳಿಯ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಎಷ್ಟು ಎಂದು ತಿಳಿಸುತ್ತೇವೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಅಣ್ಣ ಬೇರೆ ಯಾವ ರೀತಿಯಲ್ಲೂ ಒಪ್ಪಂದಕ್ಕೆ ಬರುವವನಲ್ಲ. ಅವನ ಹೆಗಲಿನ ಕಂಬಳಿಯನ್ನು ಎಳೆದು ಕೈ ಮುಚ್ಚಿ ನಾನೇ ಶುರು ಮಾಡಿದೆ. ಐದು ಬೆರಳು, ಮತ್ತೊಂದು. ಆರು ಸಿರಿಂಜು. ಅವನು ಮುಷ್ಟಿ ಬಿಗಿದ. ಒಂದೂ ಇಲ್ಲ. ನಾನು ನಾಲ್ಕಕ್ಕೆ ಇಳಿದೆ. ಮುಷ್ಟಿ. ಎರಡು. ಮುಷ್ಟಿ ಬಿಚ್ಚಲಿಲ್ಲ. ಬಾಗಿಲಲ್ಲಿ ನಿಂತ ಡಾಕ್ಟರು ಕಣ್ಣರಳಿಸಿ ನೋಡುತ್ತಿದ್ದರು. ರಕ್ತಕ್ಕೆ ಚೌಕಾಶಿ ನಡೆದದ್ದನ್ನು ಅವರು ಅಲ್ಲಿಯತನಕ ನೋಡಿರಲಿಕ್ಕಿಲ್ಲ.

"ಐದು ದಿನದಿಂದ ರಕ್ತ ತುಂಬು ತುಂಬು ಅಂದೋಳು ನೀನು," ಅಂದ ಅಣ್ಣ, ನನಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ. "ಇವತ್ತು ತೆಗೆಸು ಅಂತೀಯ. ನಿನ್ನ ಯಾವ ಮಾತು ಹಿಡ್ಕಳ್ಳಲಿ?"

ನನ್ನ ಹತ್ತಿರ ಉತ್ತರಗಳಿದ್ದವು. ಕಾಲ ಬದಲಾಗೈತೆ, ಯಂತ್ರ ಬಂದೈತೆ, ಬೇರೆ ಊರಲ್ಲಿ ಒಂದು ನಾಯಿಗೆ ಹೀಗೇ ಆಗಿ ಬದುಕೈತೆ ಎಂದು ನಿಂತ ನಿಲುವಿನಲ್ಲಿ ಕಟ್ಟಬಲ್ಲೆ. ಒಳಗೆ ಮೇಜಿನ ಮೇಲೆ ನಾಯಿಯ ಉಸಿರು ಗರಗಸದಂತೆ ಎಳೆಯುತ್ತಿತ್ತು. ಕಣ್ಣೆದುರು ಆ ಗುಲಾಬಿ ಬಿಲ್ಲೆಗಳು ಇನ್ನೂ ತೇಲುತ್ತಿದ್ದವು.

"ನಾ ಮಾಡಿದ್ದು ತಪ್ಪು ಅಣ್ಣಾ," ಅಂದೆ. "ಕೆಂಪು ನೋಡಿ ಗಟ್ಟಿ ಐತೆ ಅಂದಿದ್ದು ತಪ್ಪು. ಐದು ದಿನ ಈಲಿ, ಟಾನಿಕ್ಕು ಹಾಕಿಸಿದ್ದು ತಪ್ಪು. ಹೆಚ್ಚಾಗಿದ್ದಕ್ಕೇ ಇನ್ನೂ ಹಾಕಿದೆ. ಡಾಕ್ಟ್ರು ಕೇಳಿದ್ರೆ ಕೊಟ್ಟಿಲ್ಲ ಅಂತ ಸುಳ್ಳೂ ಹೇಳಿದೆ, ನೀ ನೀರಿಗೆ ಹೋದಾಗ."

ಡಾಕ್ಟರಿಗೂ ಕೇಳುವ ಹಾಗೆ ಹೇಳಿದೆ. ಅವರು ಬಾಗಿಲಿಂದ ಜಗುಲಿಗೆ ಇಳಿದು ಬಂದರು.

"ಬೇನೆ ಬಂದಿದ್ದು ಟಾನಿಕ್ಕಿಂದ ಅಲ್ಲ. ತಿಂಗಳುಗಟ್ಟಲೆಯಿಂದ ಒಳಗೇ ಬೆಳೆದೈತೆ. ಆದ್ರೆ ಐದು ದಿನ ದಂಡ ಆಯ್ತು, ಅದು ಖರೆ."

ಕಂಬಳಿಯ ಕೆಳಗೆ ಅಣ್ಣನ ಮುಷ್ಟಿ ಬಹಳ ಹೊತ್ತು ಹಾಗೇ ಇತ್ತು. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಇಷ್ಟು ವರ್ಷದಾಗೆ ನೀ ತಪ್ಪು ಅಂತ ಅಂದಿದ್ದು ಇದೇ ಮೊದಲು," ಅಂದ. "ಹಂಗಾದ್ರೆ ಇದು ನಿಜಾನೇ ಇರಬೇಕು."

ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಅದುಮಿದ. ಬಿಟ್ಟು, ಮತ್ತೊಂದು ಬೆರಳು ಹಿಡಿದ.

ಆ ಮಧ್ಯಾಹ್ನ ನಾಯಿಯ ತಲೆ ನನ್ನ ತೊಡೆಯ ಮೇಲಿತ್ತು. ಕುತ್ತಿಗೆಯ ನರದಿಂದ ರಕ್ತ ಮೊದಮೊದಲು ಮೊಂಡು ಹಿಡಿಯಿತು, ಕಾಲಿನಲ್ಲಿ ಸಲೈನ್ ಇಳಿದಂತೆ ಸಲೀಸಾಯಿತು. ಒಂದು ಸಿರಿಂಜು, ಎರಡು, ಮೂರು. ಕಿಟಕಿಯ ಬಿಸಿಲು ಗೋಡೆಯ ಮೇಲೆ ಹತ್ತುತ್ತಿತ್ತು. ಸೂಜಿ ತೆಗೆದ ಜಾಗವನ್ನು ಅಣ್ಣ ಹತ್ತಿಯಿಂದ ಒತ್ತಿ ಹಿಡಿದ, ಬಿಡಬಾರದು ಎಂದು ಡಾಕ್ಟರು ಹೇಳಿದ್ದಕ್ಕಿಂತ ಬಹಳ ಹೊತ್ತು. ನನಗೆ ಜೊಂಪು ಹತ್ತಿತ್ತೇನೋ. ಕುರಿಗಳೆಲ್ಲ ಒಂದು ಇಕ್ಕಟ್ಟಿನ ಓಣಿಯಿಂದ ಬಯಲಿಗೆ ಇಳಿಯುತ್ತಿರುವಂತೆ ಕಂಡಿತು. ಅಂಗೈಗೆ ಏನೋ ತಣ್ಣಗೆ ತಾಗಿ ಎಚ್ಚರಾದೆ. ನಾಯಿ ಮೂಗು ಆಡಿಸಿ ನನ್ನ ಕೈ ಮೂಸುತ್ತಿತ್ತು, ಯಾರಿವಳು ಎಂದು ಮತ್ತೆ ವಿಚಾರಿಸುವಂತೆ.

ನಾಲ್ಕು ದಿನಕ್ಕೆ ಉಳಿದ ಮೂರು ಸಿರಿಂಜು ತೆಗೆಸಿದೆವು. ಕೊಳವೆಯಲ್ಲಿ ಕೆಂಪು ಇಳಿದಿತ್ತು. ಎರಡು ವಾರ ಕಳೆದು ಗಾಜಿನ ಪಟ್ಟಿ ನೋಡಿದಾಗ ನೇರಳೆ ಚೂರುಗಳು ಮುಂಚಿಗಿಂತ ಹೆಚ್ಚಿದ್ದವು. ಆದರೆ ಇದು ವಾಸಿಯಾಗುವ ಬೇನೆಯಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಕೆಂಪು ಮತ್ತೆ ಏರುತ್ತದೆ, ಏರಿದಾಗ ಮತ್ತೆ ತೆಗೆಯಬೇಕು. ತಿಂಗಳಿಗೊಮ್ಮೆ ತೋರಿಸಿ. ಯಾಕೆ ಹೀಗಾಯಿತು ಎಂದು ತಿಳಿಯಲು ಮೂತ್ರಪಿಂಡ, ಹೃದಯ ನೋಡುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ನಿಮ್ಮ ಮನೆಯ ಪ್ರಾಣಿಗೂ ಒಸಡು ಬಿಳುಚಿದರೆ ಹೆದರುವಷ್ಟೇ, ಅತಿ ಕೆಂಪಾದರೂ ಹೆದರಿ. ನಿಮಗೆ ಬರೆದುಕೊಟ್ಟ ಟಾನಿಕ್ಕನ್ನು ಅದರ ಬಾಯಿಗೆ ಹಾಕಬೇಡಿ. ಪ್ಲೇಟ್‌ಲೆಟ್ ಕಮ್ಮಿ ಎಂದ ಕೂಡಲೇ ರಕ್ತವೇ ಕಮ್ಮಿ ಎಂದು ನನ್ನ ಹಾಗೆ ತಿಳಿಯಬೇಡಿ. ಈ ಸಲಹೆಗೆ ನಾನು ಬೆಲೆ ತೆತ್ತಿದ್ದೇನೆ, ನೀವು ಪುಕ್ಕಟೆ ತಗೊಳ್ಳಿ.

ಕೊನೆಯ ಗದ್ದೆ ನ್ಯಾಮತಿಯ ಹತ್ತಿರ ಸಿಕ್ಕಿತು. ಅಲ್ಲಿಂದ ಮಂದೆ ಜಗಳೂರಿಗೆ ತಿರುಗುವ ದಿನ ಬೆಳಿಗ್ಗೆ ನಾನು ಹೋದೆ. ಜಗಳೂರು ಕಡೆಯ ಪ್ರಾಣಿಗಳ ಡಾಕ್ಟರೊಬ್ಬರ ನಂಬರನ್ನು ಹೊನ್ನಾಳಿಯ ಡಾಕ್ಟರಿಂದಲೇ ಬರೆಸಿಕೊಂಡು, ಅವರ ಜೊತೆ ನಾನೇ ಮಾತಾಡಿಟ್ಟಿದ್ದೆ. ಚೀಟಿಯನ್ನು ಅಣ್ಣನ ಕೈಗಿಟ್ಟೆ. ಅವನು ಅದನ್ನು ಮಡಚಿ ಒಳಜೇಬಿಗೆ ಇಟ್ಟುಕೊಂಡ.

"ಮುಂದಿನ ಕೊಯ್ಲಿಗೆ ಬರ್ತದೇನೇ ಇದು?" ಎಂದು ಕೇಳಿದ, ನಾಯಿಯ ಕಡೆ ನೋಡದೆ.

"ಗೊತ್ತಿಲ್ಲ ಅಣ್ಣಾ."

ಅವನು ತಲೆಯಾಡಿಸಿದ. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಮಂದೆ ಕದಲಿತು. ಒಂದು ಕುರಿ, ಮರಿಯ ಸಮೇತ, ಕಾಲುವೆಯ ಏರಿಯ ಕಡೆಗೆ ಬೇರೆಯಾಗಿ ನಡೆದು ಮಂಜಿನೊಳಗೆ ಬೆಳ್ಳಗೆ ಕರಗುತ್ತಿತ್ತು. ಅಣ್ಣನಿಗೆ ಅದು ಕಾಣಲಿಲ್ಲ. ಕೂಗಿ ಹೇಳೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಾಯಿ ಎದ್ದಿತು. ಓಡಲಿಲ್ಲ. ಮೈ ಕೊಡವಿ, ಒಂದು ಸುತ್ತು ಬಳಸಿಕೊಂಡು ಏರಿಯ ಆಚೆಯಿಂದ ಹೋಗಿ, ಕುರಿಯ ಮುಂದೆ ಸುಮ್ಮನೆ ನಿಂತಿತು. ಕುರಿ ತಿರುಗಿತು, ಮರಿ ಹಿಂದೆ ಬಂತು, ಅವೆರಡರ ಹಿಂದೆ ಅದು.

ನಾಯಿಯ ಕೊರಳ ಗೆಜ್ಜೆಯ ಸದ್ದು ಹತ್ತಿರವಾದದ್ದು ಕೇಳಿ ಅಣ್ಣ ಎಣಿಕೆ ಸರಿಯಾಯಿತು ಎಂಬಂತೆ ಕೋಲು ಎತ್ತಿ ಮುಂದೆ ನಡೆದ.